ದಾಳ ಹಾಕಿ ನೆಟ್ಟ ಕಾಳು



ಕಳೆದ ದಸರಾ ರಜೆಯ ಒಂದು ಭಾನುವಾರ. ಪೂಜೆ ಮುಗಿಸಿ ದೇವಾಲಯದಿಂದ ಹೊರಗೆ ಬರುತ್ತಿದ್ದೆ. ಕ್ಯಾತ್ಸಂದ್ರದ ತಾಯಿಯೊಬ್ಬರು ಬಾಗಿಲ ಬಳಿ ನನಗಾಗಿ ಕಾಯುತ್ತಿದ್ದರು. ಯಾವಾಗಲೂ ನಗುನಗುತ್ತಾ ಮಾತನಾಡಿಸುವವರು, ಅಂದು ಮುಖ ಬಾಡಿತ್ತು. ಮಡಿಚಿದ ಕಾಗದವೊಂದನ್ನು ನನ್ನ ಕೈಗಿಟ್ಟು, "ಫಾದರ್, ಇದು ನನ್ನ ಮಗನ ಪುಸ್ತಕದಲ್ಲಿ ಸಿಕ್ತು. ಓದಿ ನೋಡಿ. ರಾತ್ರಿಯೆಲ್ಲಾ ನನಗೆ ನಿದ್ದೆ ಬಂದಿಲ್ಲ" ಎಂದರು.

ಕಾಗದದಲ್ಲಿ ಹೀಗೆ ಬರೆದಿತ್ತು: "ಮೊದಲ ಕಾಳು ನೆಟ್ಟೆ, ನೀರು ಹಾಕಿದೆ. 44. ಅರಚುವ ಅಣಬೆ ಒಂಬತ್ತು. ಎರಡನೇ ಕಾಳು 26. ನನ್ನದೇ ಕಲ್ಲಿನ ಪ್ರತಿಮೆ ಎದ್ದು ನನ್ನನ್ನೇ ಬೈಯುತ್ತಿದೆ. ಮೂರನೇ ಕಾಳು ನಾಳೆ ರಾತ್ರಿ."

"ನನ್ನ ಮಗ ಮಾಟ ಕಲೀತಿದ್ದಾನಾ ಫಾದರ್?" ಎಂದು ಕೇಳುವಾಗ ಆ ತಾಯಿಯ ಗಂಟಲು ಕಟ್ಟಿತ್ತು. "ಸಂಜೆ ಅವನನ್ನೇ ಕಳಿಸಿ ಅಮ್ಮ, ಕೇಳೋಣ" ಎಂದೆ.

ಸಂಜೆ ಹುಡುಗ ಬಂದ. ತುಮಕೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿರುವವನು. ಜೊತೆಗೆ ಅವನ ತಂದೆಯೂ ಬಂದರು. ಗುಬ್ಬಿ ಕಡೆ ಅವರಿಗೆ ಎರಡು ಎಕರೆ ತೆಂಗಿನ ತೋಟವಿದೆ. ಕುರ್ಚಿಯಲ್ಲಿ ಕೂರುವ ಮೊದಲೇ ಅವರು, "ಬೀಜ ನೆಡೋಕೆ ದಾಳ ಹಾಕ್ತಾನಂತೆ ಫಾದರ್! ರೈತನ ಮಗ ಮಾಡೋ ಕೆಲಸವಾ ಇದು?" ಎಂದು ಸಿಡುಕಿದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅವನ ಕೈಯಲ್ಲೊಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇತ್ತು.

ಆ ಸಂಜೆ ನಡೆದದ್ದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ, ಹೆಸರಿನ ಅಗತ್ಯವೂ ಇಲ್ಲ. ಏಕೆಂದರೆ ಈ ಕಥೆ ನಮ್ಮಲ್ಲಿ ಹಲವು ಮನೆಗಳದ್ದು.

ಕಾಳಿನ ಚೀಲ ಎಂದರೇನು?

ಹುಡುಗ ಆಡುತ್ತಿದ್ದ ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಇದನ್ನು ಹೊರತಂದರು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬನು ಕಥೆ ನಡೆಸುವವನು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ: ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬ ಮಂತ್ರವಾದಿ. "ಮುಂದೆ ಕತ್ತಲ ಗುಹೆಯಿದೆ, ಏನು ಮಾಡುತ್ತೀರಿ?" ಎಂದು ಕಥೆ ನಡೆಸುವವನು ಕೇಳುತ್ತಾನೆ. ಆಡುವವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಅದು ಕೈಗೂಡುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಎಲ್ಲವೂ ಮಾತಿನಲ್ಲಿ ಮತ್ತು ಕಾಗದದ ಮೇಲೆ ನಡೆಯುತ್ತದೆ. ಹಣ ಕಟ್ಟುವುದಿಲ್ಲ.

ಈ ಆಟದಲ್ಲಿ ಸಿಗುವ ಮಾಯಾ ವಸ್ತುಗಳಲ್ಲಿ ಒಂದು 'ಕಾಳಿನ ಚೀಲ'. 2014ರಲ್ಲಿ ಬಂದ ಐದನೇ ಆವೃತ್ತಿಯ ಕೈಪಿಡಿಯ ಪ್ರಕಾರ, ದಪ್ಪ ಬಟ್ಟೆಯ ಆ ಚೀಲದಲ್ಲಿ 3ರಿಂದ 12 ಒಣಕಾಳುಗಳಿರುತ್ತವೆ. ಚೀಲವನ್ನು ಒಟ್ಟಿಗೆ ನೆಲಕ್ಕೆ ಸುರಿದರೆ ಕಾಳುಗಳು ಸಿಡಿದು ಸುತ್ತಲೂ 10 ಅಡಿಯೊಳಗೆ ಇರುವವರನ್ನು ಸುಡುತ್ತವೆ. ಒಂದೊಂದಾಗಿ ತೆಗೆದು ಮಣ್ಣಿನಲ್ಲಿ ನೆಟ್ಟು ನೀರು ಹಾಕಿದರೆ ಒಂದೇ ನಿಮಿಷದಲ್ಲಿ ಏನಾದರೊಂದು ಹುಟ್ಟುತ್ತದೆ. ಏನು ಹುಟ್ಟುತ್ತದೆ? ಅದಕ್ಕೆ 1ರಿಂದ 100ರವರೆಗೆ ಒಂದು ಪಟ್ಟಿಯಿದೆ. ಹತ್ತು ಮುಖದ ಎರಡು ದಾಳ ಹಾಕಬೇಕು. ಒಂದು ಹತ್ತರ ಸ್ಥಾನ, ಇನ್ನೊಂದು ಬಿಡಿ ಸ್ಥಾನ.

1 ಬಿದ್ದರೆ ನಾಯಿಕೊಡೆಗಳು; ತಿಂದವನಿಗೆ ವಿಷವಾಗುತ್ತದೋ ಬಲ ಬರುತ್ತದೋ ಎಂಬುದಕ್ಕೆ ಮತ್ತೊಂದು ದಾಳ. 2ರಿಂದ 10ರವರೆಗೆ ಬಿದ್ದರೆ ನೆಲದಿಂದ ಚಿಲುಮೆ. 11ರಿಂದ 20 ನಡೆದಾಡುವ ಮರ. ಅದು ಕೆಟ್ಟದ್ದಾಗಿ ಮೇಲೆ ಬೀಳುವ ಸಾಧ್ಯತೆ ಅರ್ಧಕ್ಕರ್ಧ. 21ರಿಂದ 30 ನೆಟ್ಟವನದ್ದೇ ಕಲ್ಲಿನ ಪ್ರತಿಮೆ. ಅದು ಅವನನ್ನು ಬೆದರಿಸುತ್ತದೆ, ದಾರಿಹೋಕರಿಗೆಲ್ಲ ಅವನನ್ನು ಮಹಾ ದುಷ್ಟನೆಂದು ದೂರುತ್ತದೆ, 24 ಗಂಟೆಯ ನಂತರ ಬರೀ ಕಲ್ಲಾಗುತ್ತದೆ. 31ರಿಂದ 40 ಒಂದು ದಿನ ಉರಿಯುವ ನೀಲಿ ಬೆಂಕಿ. 41ರಿಂದ 50 ಅರಚುವ ಅಣಬೆಗಳು. 51ರಿಂದ 60 ಗುಲಾಬಿ ಬಣ್ಣದ ಕಪ್ಪೆಗಳು; ಮುಟ್ಟಿದರೆ ಒಂದು ನಿಮಿಷ ಬೇರೆ ಮೃಗವಾಗುತ್ತವೆ. 61ರಿಂದ 70 ನೆಲ ಸೀಳಿಕೊಂಡು ಬರುವ ಹಸಿದ ಮೃಗ. 71ರಿಂದ 80 ಹಣ್ಣಿನ ಮರ. ಕೆಲವು ಹಣ್ಣು ಮಾಯಾ ಮದ್ದು, ಒಂದು ಹಣ್ಣು ವಿಷ, ಒಂದು ಗಂಟೆಯಲ್ಲಿ ಮರವೇ ಮಾಯ. 81ರಿಂದ 90 ಒಂದು ಗೂಡಿನಲ್ಲಿ ಮೊಟ್ಟೆಗಳು. ತಿಂದು ತಡೆದುಕೊಂಡವನಿಗೆ ಶಾಶ್ವತ ಶಕ್ತಿ, ತಡೆಯಲಾಗದವನ ಹೊಟ್ಟೆಯಲ್ಲೇ ಸ್ಫೋಟ. 91ರಿಂದ 99 ಒಳಗೆ ಹೆಣವೂ ನಿಧಿಯೂ ಇರುವ ಪಿರಮಿಡ್ಡು. 100 ಬಿದ್ದರೆ ಮಾತ್ರ ಮುಗಿಲಿಗೇರುವ ದೈತ್ಯ ಬಳ್ಳಿ. ಹಸು ಕೊಟ್ಟು ಕಾಳು ತಂದ ಜಾಕ್ ಎಂಬ ಹುಡುಗನ ಇಂಗ್ಲಿಷ್ ಕಥೆಯನ್ನು ನೀವು ಶಾಲೆಯಲ್ಲಿ ಕೇಳಿರಬಹುದು, ಇದು ಅದೇ ಬಳ್ಳಿ.

ತಾಯಿಗೆ ಸಿಕ್ಕಿದ ಕಾಗದದ ಒಗಟು ಹೀಗೆ ಬಿಡಿಸಿತು.

ಇದು ಮಾಟವೇ?

ಆ ತಾಯಿಯ ಭಯವನ್ನು ನಾವು ನಗೆಗೆ ತೆಗೆದುಕೊಳ್ಳಬಾರದು. 1980ರ ದಶಕದಲ್ಲಿ ಅಮೆರಿಕದ ಅನೇಕ ಕ್ರೈಸ್ತ ತಂದೆತಾಯಿಗಳೂ ಹೀಗೇ ಭಯಪಟ್ಟರು. ಈ ಆಟ ಮಕ್ಕಳನ್ನು ಸೈತಾನನ ಕಡೆಗೆ ಒಯ್ಯುತ್ತದೆಂದು ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ದೊಡ್ಡ ಗುಲ್ಲೆದ್ದಿತು. ಕಾಲ ಕಳೆದಂತೆ ಆ ಗುಲ್ಲು ತಣ್ಣಗಾಯಿತು.

ಮಾಟ ಎಂದರೆ ದೇವರನ್ನು ಬಿಟ್ಟು ಬೇರೊಂದು ಗುಪ್ತ ಶಕ್ತಿಯನ್ನು ನಂಬಿ, ಅದರಿಂದ ನಿಜವಾಗಿ ಕೆಲಸ ಮಾಡಿಸಿಕೊಳ್ಳಲು ಹೊರಡುವುದು. ಧರ್ಮಸಭೆ ಅದನ್ನು ಪಾಪವೆನ್ನುತ್ತದೆ. ಆದರೆ ಈ ಹುಡುಗ ಯಾರನ್ನೂ ಕರೆಯಲಿಲ್ಲ, ಯಾವುದನ್ನೂ ನಂಬಲಿಲ್ಲ. ಅವನ ಕಾಳು ಕಾಗದದ ಕಾಳು. ಅದು ಮೊಳೆಯುವುದಿಲ್ಲವೆಂದು ಅವನಿಗೂ ಗೊತ್ತು, ಅವನ ಗೆಳೆಯರಿಗೂ ಗೊತ್ತು.

ಗುಬ್ಬಿ ನಮಗೆ ದೂರವೇನಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ಬೆಳೆಸಿ ನಾಡಿಗೇ ಹೆಸರಾಗಿಸಿದರು. ಅವರ 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಆದರೂ ರಂಗದ ಮೇಲೆ ಬಿದ್ದವನು ಪರದೆ ಇಳಿದ ಮೇಲೆ ಎದ್ದು ಊಟಕ್ಕೆ ಹೋಗುತ್ತಾನೆಂದು ನೋಡುವವರಿಗೆಲ್ಲ ಗೊತ್ತಿತ್ತು. ಪಾತ್ರ ಬೇರೆ, ಬಾಳು ಬೇರೆ. ಈ ಗೆರೆ ಮಗುವಿಗೆ ತಿಳಿದಿರುವವರೆಗೆ ಕಲ್ಪನೆಯ ಆಟ ಪಾಪವಲ್ಲ.

ಆಟಕ್ಕೂ ಒಂದು ಸದ್ಗುಣವಿದೆ ಎಂದು 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ' ಗ್ರಂಥದಲ್ಲಿ ಬರೆದಿದ್ದಾರೆ. ಅದಕ್ಕೆ ಸಂತ ಯೊವಾನ್ನರ ಬಗ್ಗೆ ಹಳೆಯದೊಂದು ಕಥೆಯನ್ನು ಉದಾಹರಿಸುತ್ತಾರೆ. ಸಂತರು ಶಿಷ್ಯರೊಡನೆ ಆಟದಲ್ಲಿರುವುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರಲ್ಲಿ ಬಿಲ್ಲು ಹಿಡಿದವನೊಬ್ಬನಿಗೆ ಸಂತರು, ಒಂದಾದ ಮೇಲೊಂದು ಬಾಣ ಬಿಡುತ್ತಲೇ ಇರಲು ಸಾಧ್ಯವೇ ಎಂದು ಕೇಳಿದರು. ಬಿಲ್ಲು ಮುರಿದೀತು ಎಂದ ಅವನು. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಸಂತರು. ಆಟಕ್ಕೆ ಮಿತಿ ಬೇಕು ನಿಜ. ಓದು ಕೆಡಿಸಿ ರಾತ್ರಿ ಎರಡು ಗಂಟೆಯವರೆಗೆ ಆಡಿದರೆ, ದುಬಾರಿ ಪುಸ್ತಕ, ದಾಳಗಳಿಗೆ ಅಪ್ಪನ ಜೇಬು ಬರಿದು ಮಾಡಿದರೆ ಅದು ತಪ್ಪು. ಹುಡುಗನಿಗೆ ಅಷ್ಟನ್ನು ಹೇಳಿದೆ, ಒಪ್ಪಿಕೊಂಡ.

ನಮ್ಮ ಹುಣಸೆ ಬೀಜವೂ ದಾಳವೇ

"ದಾಳ ಹಾಕೋದೇ ಪಾಪ ಅಲ್ವಾ ಫಾದರ್?" ಎಂದು ತಂದೆ ಕೇಳಿದರು. "ನಿಮ್ಮ ಅಜ್ಜಿ ಚೌಕಾಬಾರ ಆಡ್ತಿರಲಿಲ್ವಾ?" ಎಂದು ನಾನು ಕೇಳಿದೆ. ಅವರ ಮುಖದಲ್ಲಿ ಆಗ ಮೊದಲ ಸಲ ನಗು ಕಂಡಿತು.

ತುಮಕೂರು ಹುಣಸೆಗೆ ಹೆಸರಾದ ಪೇಟೆ. ನಮ್ಮ ಅಜ್ಜಿಯರು ಹುಣಸೆ ಬೀಜವನ್ನು ಒಂದು ಬದಿ ಕಲ್ಲಿಗೆ ತೇಯ್ದು ಬಿಳಿ ಮಾಡಿ, ನಾಲ್ಕು ಬೀಜ ಎಸೆದು ಕಾಯಿ ನಡೆಸುತ್ತಿದ್ದರು. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು. ಬೀಜದ ಎರಡು ಬದಿಯೂ ಸಮನಾಗಿ ಬೀಳುವುದಾದರೆ ನಾಲ್ಕು ಬೀಜ ಬೀಳುವ ವಿಧಗಳು ಒಟ್ಟು 16. ಎರಡು ಬಿಳಿ, ಎರಡು ಕಪ್ಪು ಬೀಳುವ ವಿಧಗಳು ಅದರಲ್ಲಿ 6. ನಾಲ್ಕೂ ಕಪ್ಪು ಬೀಳುವುದು ಒಂದೇ. ಅಜ್ಜಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಎಂಟು ಅಪರೂಪ, ಎರಡು ಸಾಮಾನ್ಯ ಎಂದು ಕೈ ಅರಿತಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಹಲಗೆಯಾಟಗಳನ್ನು ಸ್ವತಃ ರಚಿಸಿದ್ದರು.

ನಮ್ಮ ಅಜ್ಜಿ ಬೀಜವನ್ನೇ ದಾಳ ಮಾಡಿಕೊಂಡರು, ಈ ಹುಡುಗ ದಾಳ ಹಾಕಿ ಬೀಜ ನೆಟ್ಟ. ಎರಡರಲ್ಲೂ ಒಂದು ಪ್ರಾಮಾಣಿಕತೆಯಿದೆ. ಯಾವುದು ಎಷ್ಟು ಸಲ ಬಿದ್ದೀತೆಂಬುದು ಮುಚ್ಚುಮರೆಯಿಲ್ಲದೆ ಎಲ್ಲರಿಗೂ ತಿಳಿದಿರುತ್ತದೆ. ಸೋತರೆ ನಗುತ್ತಾ ಎದ್ದು ಹೋಗಬಹುದು. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲರು ಪ್ರಕಟಿಸಿದ ಧರ್ಮೋಪದೇಶ ಗ್ರಂಥವೂ ಅದೃಷ್ಟದ ಆಟಗಳು ತಮ್ಮಷ್ಟಕ್ಕೆ ತಾವೇ ನ್ಯಾಯಕ್ಕೆ ವಿರುದ್ಧವಲ್ಲವೆಂದು ತಿಳಿಸುತ್ತದೆ (2413). ತನಗೂ ತನ್ನನ್ನು ನಂಬಿದವರಿಗೂ ಬೇಕಾದ ಅನ್ನವನ್ನು ಅದು ಕಸಿಯತೊಡಗಿದಾಗ ಮಾತ್ರ ಅದು ತಪ್ಪಾಗುತ್ತದೆ. ಲಾಟರಿ ಚೀಟಿಗೆ ಸಂಬಳ ಸುರಿದ ಮನೆಗಳನ್ನು ನಾವು ನೋಡಿದ್ದೇವೆ. 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಂತಿತು. ಆಮೇಲೆ ಅದೇ ಚಟ ಮೊಬೈಲಿಗೆ ಬಂತು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು.

ಅಂಗೈ ಮೇಲಿನ ತೆಂಗಿನಕಾಯಿ

ಮಾತು ಹಗುರಾಗಲೆಂದು ನಾನು ತಂದೆಯವರ ಕೈಗೇ ದಾಳ ಕೊಟ್ಟು, "ನೀವೂ ಒಂದು ಕಾಳು ನೆಡಿ" ಎಂದೆ. ಸಂಕೋಚದಿಂದಲೇ ಉರುಳಿಸಿದರು. 8 ಬಿತ್ತು.

"ಚಿಲುಮೆ ಅಪ್ಪ!" ಎಂದ ಹುಡುಗ. "ನೆಲದಿಂದ 30 ಅಡಿ ಎತ್ತರಕ್ಕೆ ಚಿಮ್ಮುತ್ತೆ."

"ನೀರಾ?" ಎಂದು ಕೇಳಿದ ತಂದೆಯ ದನಿ ಬದಲಾಗಿತ್ತು. ಅದು ಆಟದ ದನಿಯಾಗಿರಲಿಲ್ಲ.

"ನೀರೇ ಆಗಬೇಕು ಅಂತಿಲ್ಲ. ಟೀ, ಎಣ್ಣೆ, ವಿನಿಗರ್, ಬೀರು, ಏನಾದರೂ ಆಗಬಹುದು. ಅದೂ ಹೆಚ್ಚೆಂದರೆ 72 ಸೆಕೆಂಡು" ಎಂದ ಮಗ.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಂತರ ತೋಟದ ಕಥೆ ಹೇಳಿದರು. ಎರಡು ವರ್ಷದಲ್ಲಿ ಎರಡು ಬೋರು ಕೊರೆಸಿದ್ದರು. ಮೊದಲನೆಯದು 700 ಅಡಿ, ಎರಡನೆಯದು 950 ಅಡಿ. ಎರಡರಲ್ಲೂ ಮೇಲೆ ಬಂದದ್ದು ಬರೀ ಕಲ್ಲಿನ ಬಿಳಿ ಧೂಳು. ಎರಡೂ ಸಲ ಜಾಗ ತೋರಿಸಿದವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ನಡೆದವನು. ಮಲಗಿದ ಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು. ಈಗ ಮೂರನೆಯ ಜಾಗವನ್ನೂ ಅವನೇ ತೋರಿಸಿದ್ದಾನೆ. ಮುಂದಿನ ವಾರ ರಿಗ್ ಬರಬೇಕು. ಹಣಕ್ಕೆ ಹೆಂಡತಿಯ ಸರ, ಬಳೆ ಅಡವಿಡಬೇಕು. ಆ ತಾಯಿಗೆ ನಿದ್ದೆ ಬಾರದಿದ್ದದ್ದು ಮಗನ ಕಾಗದವೊಂದರಿಂದಲೇ ಅಲ್ಲ ಎಂದು ನನಗಾಗ ಅರ್ಥವಾಯಿತು.

"ಎರಡು ಸಲ ಹೋಯ್ತು ಫಾದರ್. ಮೂರನೇದು ಬಂದೇ ಬರುತ್ತೆ" ಎಂದರು ಅವರು.

ಆಗ ಮಗ ಮೆಲ್ಲಗೆ, "ಅಪ್ಪ, ಹಿಂದಿನ ಸಲ ಏನು ಬಿತ್ತು ಅಂತ ದಾಳಕ್ಕೆ ನೆನಪಿರಲ್ಲ" ಎಂದ.

ಆ ಮಾತು ನನ್ನ ಮನಸ್ಸಿನಲ್ಲಿ ಇನ್ನೂ ಉಳಿದಿದೆ. ದಾಳ ಆಡಿ ಆಡಿ ಹುಡುಗ ಕಲಿತ ಪಾಠ ಅದು. ಎರಡು ಸಲ ಸೋತದ್ದರಿಂದ ಮೂರನೆಯ ಸಲದ ಗೆಲುವು ಹತ್ತಿರ ಬರುವುದಿಲ್ಲ. ಬೋರಿನ ವಿಷಯದಲ್ಲಂತೂ ಒಂದೇ ತೋಟದ ಎರಡು ಒಣ ಗುಂಡಿಗಳು ಎಚ್ಚರಿಕೆಯೇ ಹೊರತು ಭರವಸೆಯಲ್ಲ. ನಮ್ಮ ಕಡೆ ಕೆಳಗಿರುವುದು ಗಟ್ಟಿ ಕಲ್ಲು. ನೀರು ಕಲ್ಲಿನ ಬಿರುಕುಗಳಲ್ಲಿರುತ್ತದೆ. ಬಿರುಕು ಸಿಕ್ಕರೆ ಯಾರು ತೋರಿಸಿದರೂ ನೀರು, ಸಿಗದಿದ್ದರೆ ಯಾರು ತೋರಿಸಿದರೂ ಧೂಳು. ಹತ್ತರಲ್ಲಿ ನಾಲ್ಕು ಕಡೆ ನೀರು ಬಿದ್ದರೆ ಆ ನಾಲ್ಕನ್ನು ಊರೆಲ್ಲ ಹಾಡಿ ಹೊಗಳುತ್ತದೆ. ಉಳಿದ ಆರು ಮನೆಯವರು ಸಾಲ ತೀರಿಸುತ್ತಾ ಬಾಯಿ ಮುಚ್ಚಿಕೊಂಡಿರುತ್ತಾರೆ. ಜಾಕ್ ಹಸು ಕೊಟ್ಟು ಕಾಳು ತಂದು ಚಿನ್ನ ಕಂಡ. ಹಸು ಮಾರಿ ಬರಿಗೈಯಾದವರ ಕಥೆ ಯಾರು ಬರೆದರು?

ಹುಡುಗನ ಆಟದಲ್ಲಿ ಚಿಲುಮೆಯ ಸಾಧ್ಯತೆ ನೂರಕ್ಕೆ 9 ಎಂದು ಪುಸ್ತಕದಲ್ಲೇ ಅಚ್ಚಾಗಿದೆ. ತೆಂಗಿನಕಾಯಿಯವನ ಪಟ್ಟಿ ಎಲ್ಲಿ ಅಚ್ಚಾಗಿದೆ?

ಚೀಟಿ ಎತ್ತುವುದರಲ್ಲಿ ಮೂರು ಬಗೆ

"ಬೈಬಲ್ಲಿನಲ್ಲೇ ಚೀಟಿ ಹಾಕಿದ್ದಾರಲ್ಲ ಫಾದರ್?" ಎಂದು ನೀವು ಕೇಳಬಹುದು. ಹೌದು, ಯೂದನ ಸ್ಥಾನಕ್ಕೆ ಮತ್ತೀಯ ಆಯ್ಕೆಯಾದದ್ದು ಚೀಟಿಯಿಂದಲೇ (ಪ್ರೇಷಿತರ ಕಾರ್ಯಕಲಾಪಗಳು, ಅಧ್ಯಾಯ 1). ಆದರೆ ಅಲ್ಲಿ ಏನು ನಡೆಯಿತೆಂದು ಗಮನಿಸಿ. ಮೊದಲು ಪೇತ್ರ ಅರ್ಹತೆ ಏನೆಂದು ಹೇಳಿದ: ಸ್ನಾನದೀಕ್ಷೆಯ ದಿನದಿಂದ ಯೇಸುವಿನೊಡನೆ ಇದ್ದವನಾಗಿರಬೇಕು. ಆ ಅರ್ಹತೆಯಿದ್ದ ಇಬ್ಬರನ್ನು ಸಮುದಾಯ ಆರಿಸಿತು. ಪ್ರಾರ್ಥಿಸಿತು. ಮನುಷ್ಯರ ಬುದ್ಧಿ ತನ್ನ ಕೆಲಸವನ್ನೆಲ್ಲ ಮುಗಿಸಿದ ಮೇಲಷ್ಟೇ ಚೀಟಿ ಬಂತು. ಪವಿತ್ರಾತ್ಮರು ಇಳಿದು ಬಂದ ಮೇಲೆ ಏಳು ಮಂದಿ ಸೇವಕರನ್ನು ಆರಿಸುವಾಗ (ಅಧ್ಯಾಯ 6) ಚೀಟಿಯ ಪ್ರಸ್ತಾಪವೇ ಇಲ್ಲ.

ಸಂತ ಥಾಮಸ್ ಅಕ್ವಿನಾಸರು ಚೀಟಿ ಎತ್ತುವುದರ ಬಗ್ಗೆಯೇ ಒಂದು ಪುಟ್ಟ ಗ್ರಂಥ ಬರೆದಿದ್ದಾರೆ. ಅದರಲ್ಲಿ ಮೂರು ಬಗೆ ಮಾಡುತ್ತಾರೆ.

1. ಹಂಚಿಕೆಯ ಚೀಟಿ. ಅಣ್ಣತಮ್ಮಂದಿರು ಜಮೀನು ಹಂಚಿಕೊಳ್ಳುವಾಗ ಯಾರಿಗೆ ಯಾವ ಭಾಗ ಎಂದು ಚೀಟಿ ಎತ್ತುವುದು. ಜಗಳ ತಪ್ಪಿಸುವ ಇದರಲ್ಲಿ ದೋಷವಿಲ್ಲ. ಆಟದ ದಾಳವೂ ಈ ಜಾತಿಗೆ ಹತ್ತಿರದ್ದು.

2. ಸಲಹೆಯ ಚೀಟಿ. ಏನು ಮಾಡಬೇಕೆಂದು ತಿಳಿಯದೆ ದೇವರ ಚಿತ್ತ ಕೇಳುವುದು. ನಿಜವಾದ ಅಗತ್ಯವಿದ್ದು, ಭಕ್ತಿಯಿಂದ ಮಾಡಿದರೆ ಮಾತ್ರ ಇದು ಸರಿ. ನಮ್ಮ ಪ್ರಯತ್ನದಿಂದಲೇ ತಿಳಿದುಕೊಳ್ಳಬಹುದಾದದ್ದನ್ನು ಚೀಟಿಗೆ ಬಿಟ್ಟರೆ ಅದು ದೇವರನ್ನು ಪರೀಕ್ಷಿಸಿದಂತೆ.

3. ಭವಿಷ್ಯದ ಚೀಟಿ. ಮುಂದೆ ಆಗುವುದನ್ನು, ಮರೆಯಾಗಿರುವುದನ್ನು ಚೀಟಿಯಿಂದ ತಿಳಿಯಹೊರಡುವುದು. ಇದು ಮೂಢನಂಬಿಕೆ.

ನಾವು ಕ್ರೈಸ್ತರು ತೆಂಗಿನಕಾಯಿಯವನನ್ನು ದೂರಿ ಸುಮ್ಮನಾಗುವಂತಿಲ್ಲ. ಮೂರು ಚೀಟಿ ಬರೆದು ಸಂತ ಅಂತೋಣಿಯವರ ಪಾದದ ಬಳಿ ಇಟ್ಟು, ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸಿ, ಮಗಳ ಮದುವೆ ತೀರ್ಮಾನಿಸಿದ ಮನೆಗಳು ನಮ್ಮಲ್ಲಿವೆ. ಹುಡುಗ ಕುಡಿಯುತ್ತಾನೋ, ಕೆಲಸದಲ್ಲಿ ನಿಲ್ಲುತ್ತಾನೋ ಎಂದು ವಿಚಾರಿಸುವ ಶ್ರಮ ತಪ್ಪಿಸಿಕೊಂಡು ಹೊಣೆಯನ್ನು ಸಂತರ ತಲೆಗೆ ಕಟ್ಟುವುದು ಭಕ್ತಿಯಲ್ಲ.

ನಿಜವಾದ ಕಾಳು

ಕೊನೆಯದಾಗಿ ಕಾಳಿನ ಬಗ್ಗೆಯೇ ಒಂದು ಮಾತು. ಆಟದ ಕಾಳು ಒಂದು ನಿಮಿಷದಲ್ಲಿ ಪಿರಮಿಡ್ಡು ಎಬ್ಬಿಸುತ್ತದೆ. ನಮ್ಮ ಅವರೆಕಾಳು ಅಷ್ಟು ಅವಸರ ಮಾಡುವುದಿಲ್ಲ. ಆದರೆ ಅವರೆ ಬಿತ್ತಿದರೆ ಅವರೆಯೇ ಬರುತ್ತದೆ, ಕಪ್ಪೆ ಬರುವುದಿಲ್ಲ. ಹಳೆಯ ನಾಟಿ ಅವರೆ ಹಗಲು ಕಿರಿದಾಗುವವರೆಗೆ ಕಾದು ಹೂಬಿಡುತ್ತದೆ. ಆದ್ದರಿಂದಲೇ ಸೊಗಡಿನ ಅವರೆಕಾಯಿ ಚಳಿಗಾಲಕ್ಕೆ ಸರಿಯಾಗಿ ಸಂತೆಗೆ ಬರುತ್ತದೆ. ಅದರ ಈ ಸ್ವಭಾವವನ್ನು ಅರಿತೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದಕ್ಕೆ ಕಾಯದ ಹೆಬ್ಬಾಳ ಅವರೆ ತಳಿಗಳನ್ನು ಕೊಟ್ಟರು. ಬೇರಿನ ಪುಟ್ಟ ಗಂಟುಗಳಲ್ಲಿ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ.

ಇದು ಪವಾಡಕ್ಕಿಂತ ಕಡಿಮೆಯೇ? ಮಾರ್ಕನ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುವ ರೈತನಿಗೆ ಬೀಜ ಹೇಗೆ ಮೊಳೆಯುತ್ತದೆಂದು ತಿಳಿಯದು. ಆದರೂ ಅವನು ನಿಶ್ಚಿಂತೆಯಿಂದ ಮಲಗುತ್ತಾನೆ, ಏಳುತ್ತಾನೆ. ಏಕೆಂದರೆ ದೇವರು ಬೀಜಕ್ಕೆ ಒಂದು ನಡೆ ಕೊಟ್ಟಿದ್ದಾರೆಂಬ ನಂಬಿಕೆ ಅವನಿಗಿದೆ. ರಹಸ್ಯ ಬೇರೆ, ಅಂದಾದುಂದಿ ಬೇರೆ. ದೇವರ ಸೃಷ್ಟಿಯಲ್ಲಿ ರಹಸ್ಯ ಬೇಕಾದಷ್ಟಿದೆ, ಆದರೆ ಅದು ನಂಬಿ ಬಿತ್ತಬಹುದಾದ ಸೃಷ್ಟಿ. ಮಳೆ ಕೈಕೊಡಬಹುದು, ಹುಳು ಬೀಳಬಹುದು. ಅದರ ಮುಂದೆ ನಾವು ಮಾಡಬೇಕಾದದ್ದು ಎರಡು: ನಮ್ಮ ಬುದ್ಧಿಗೆ ನಿಲುಕುವುದನ್ನು ವಿಚಾರಿಸಿ ಮಾಡುವುದು, ನಿಲುಕದ್ದನ್ನು ದೇವರಿಗೆ ಒಪ್ಪಿಸುವುದು. ಈ ಎರಡರ ಮಧ್ಯೆ ತೆಂಗಿನಕಾಯಿಗೆ ಜಾಗವಿಲ್ಲ.

ಆ ಮನೆಯಲ್ಲಿ ನಂತರ ಏನಾಯಿತು? ಪವಾಡವೇನೂ ಆಗಲಿಲ್ಲ. ಮೂರನೆಯ ಬೋರು ಕೊರೆಸಲಿಲ್ಲ. ಭೂವಿಜ್ಞಾನ ಓದಿದವರೊಬ್ಬರು ಬಂದು ಅಳೆದು ನೋಡಿ, ಈ ತೋಟದಲ್ಲಿ ಮತ್ತೆ ಹಣ ಹಾಕಬೇಡಿ ಎಂದರಂತೆ. ಸರ, ಬಳೆ ತಾಯಿಯ ಮೈಮೇಲೇ ಉಳಿದವು. ತೋಟದ ತಗ್ಗಿನಲ್ಲಿ ಕೃಷಿ ಹೊಂಡ ತೋಡಿಸಿದ್ದಾರೆ. ಮಳೆ ಬಂದರೆ ತುಂಬುತ್ತದೆ, ಬಾರದಿದ್ದರೆ ಇಲ್ಲ. ಆದರೆ ಎಷ್ಟು ನೀರಿದೆಯೆಂಬುದು ಕಣ್ಣಿಗೆ ಕಾಣುತ್ತದೆ. ಕೆಲವು ತೆಂಗಿನ ಮರಗಳು ಒಣಗಿದವು. ಆ ದುಃಖ ಅವರಿಗಿದೆ, ಸಾಲವೂ ಇನ್ನೂ ತೀರಿಲ್ಲ. ಕ್ರಿಸ್ಮಸ್ ರಜೆಯಲ್ಲಿ ಒಂದು ಸಂಜೆ ಅವರ ಮನೆಗೆ ಹೋದಾಗ ತಂದೆ, ಮಗ, ಪಕ್ಕದ ಮನೆಯ ಮಕ್ಕಳು ಮೇಜಿನ ಸುತ್ತ ಕುಳಿತಿದ್ದರು. ತಾಯಿ ಅವರೆಕಾಳು ಹಿಸುಕುತ್ತಾ, "ಫಾದರ್, ಇವರಪ್ಪನಿಗೆ ಈ ಸಲ ಕಪ್ಪೆ ಬಿತ್ತು" ಎಂದು ನಕ್ಕರು.

ಮನೆಯಲ್ಲಿ ಕುಳಿತು ಚರ್ಚಿಸಲು

1. ನಮ್ಮ ಮಕ್ಕಳು ಆಡುವ ಆಟ ಯಾವುದು? ಅದರ ಬಗ್ಗೆ ಭಯಪಡುವ ಮೊದಲು ಒಂದು ಸಲ ಪಕ್ಕದಲ್ಲಿ ಕುಳಿತು ನೋಡಿದ್ದೇವೆಯೇ?

2. ವಿಚಾರಿಸಿ ತೀರ್ಮಾನಿಸಬೇಕಾದ ಯಾವ ವಿಷಯವನ್ನು ನಾವು ಚೀಟಿಗೆ, ಶಕುನಕ್ಕೆ, ಅದೃಷ್ಟಕ್ಕೆ ಬಿಟ್ಟಿದ್ದೇವೆ?

3. "ಈ ಸಲ ಬಂದೇ ಬರುತ್ತೆ" ಎಂದು ಮನೆಯಲ್ಲಿ ಯಾರಾದರೂ ಹೇಳುತ್ತಿದ್ದಾರೆಯೇ? ಅವರೊಡನೆ ಪ್ರೀತಿಯಿಂದ ಕುಳಿತು ಲೆಕ್ಕ ಹಾಕುವವರು ಯಾರು?

ದೇವರು ನಿಮ್ಮ ಕುಟುಂಬಗಳನ್ನು ಆಶೀರ್ವದಿಸಲಿ.